ಕರುವಿನ ಕರುಳು

ಹಳ್ಳಿಮೈಸೂರಿನಿಂದ ಒಂದೂವರೆ ಮೈಲಿ ಒಳಗಿರುವ ಗೌಜಲಕೊಪ್ಪಲಿನಲ್ಲಿ ದನ ಸತ್ತರೆ ಮೊದಲು ಹೇಳಿಕಳಿಸುತ್ತಿದ್ದುದು ಲಕ್ಕಯ್ಯನಿಗೆ. ಅವನ ತಾತನಿಗೂ ಹಾಗೇ ಹೇಳಿಕಳಿಸುತ್ತಿದ್ದರು, ಅಪ್ಪನಿಗೂ. ಸತ್ತ ದನ ಎತ್ತುವುದು ಆ ಮನೆತನದ ಮೇಲೆ ಊರು ಹೊರಿಸಿದ್ದ ಕೆಲಸ. ಬೇಡವೆನ್ನುವ ಹಾಗಿರಲಿಲ್ಲ, ಮಾಡಿದರೆ ಒಳ್ಳೆಯ ಮಾತೂ ಇರಲಿಲ್ಲ. ಎತ್ತು ಸತ್ತರೆ ನಾಲ್ಕು ಆಳು ಬೇಕು, ಗಟ್ಟಿ ಬೊಂಬು ಬೇಕು. ಕರು ಸತ್ತರೆ ಅವನೊಬ್ಬನೇ ಸಾಕು. ಹೆಗಲ ಮೇಲೆ ಗೋಣಿತಾಟು ಹಾಸಿಕೊಂಡು, ಕರುವನ್ನು ಅದರ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಕೆರೆಕೋಡಿಯ ಆಚೆಗೆ ನಡೆಯುತ್ತಿದ್ದ.

ಕರುವಿನ ತೂಕ ಅವನ ಹೆಗಲಿಗೆ ಲೆಕ್ಕಕ್ಕೇ ಇಲ್ಲ. ಆದರೂ ಐವತ್ತೆಂಟನೇ ಇಸವಿಯ ಹೊತ್ತಿಗೆ ಕರು ಹೊರುವುದೇ ಅವನಿಗೆ ಎತ್ತು ಹೊರುವುದಕ್ಕಿಂತ ಭಾರವಾಗತೊಡಗಿತ್ತು. ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ಪುಟ್ಟತಾಯಮ್ಮನ ಮನೆಯೊಂದರಿಂದಲೇ ಮೂರು ಕರು ಹೊತ್ತಿದ್ದ.

ಪುಟ್ಟತಾಯಮ್ಮನದು ಊರಿನ ದೊಡ್ಡ ಮನೆ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮೈದುನ ಕೆಂಚೇಗೌಡ ಹೊಲಗದ್ದೆ ನೋಡಿಕೊಂಡರೆ ಕೊಟ್ಟಿಗೆ ಆಕೆಯ ಸುಪರ್ದಿಗೆ ಸೇರಿತ್ತು. ಎಂಟು ಹಸು, ಮೇವಿಗೆ ಬರವಿಲ್ಲ, ಕೊಟ್ಟಿಗೆಗೆ ಹೆಂಚು. ಕರುಗಳು ಹುಟ್ಟುವಾಗ ಚೆನ್ನಾಗಿಯೇ ಹುಟ್ಟುತ್ತಿದ್ದವು. ಮೂರನೇ ದಿನ ಬಿಳಿಯಾಗಿ, ನೀರುನೀರಾಗಿ ಭೇದಿ ಶುರುವಾಗುತ್ತಿತ್ತು. ನಾಲ್ಕನೇ ದಿನ ಕಿವಿ ಜೋತುಬೀಳುತ್ತಿದ್ದವು. ಐದನೇ ದಿನ ಲಕ್ಕಯ್ಯನಿಗೆ ಕರೆ ಬರುತ್ತಿತ್ತು.

ಕೋಡಿಯಾಚೆ ಚರ್ಮ ಸುಲಿದು ಹೂಳುವಾಗ ಅವನು ಕರುಗಳ ಒಳಗನ್ನೂ ಕಾಣುತ್ತಿದ್ದ. ಬಂಡಿಗೆ ಸಿಕ್ಕಿಯೋ ಬಾವಿಗೆ ಬಿದ್ದೋ ಸತ್ತ ಕರುವಿನ ಕರುಳು ಕೈಗೆ ದಪ್ಪವಾಗಿ, ಗಟ್ಟಿಯಾಗಿ ಸಿಗುತ್ತದೆ. ದೊಡ್ಡ ಮನೆಯ ಕರುಗಳದ್ದು ಹಾಗಲ್ಲ. ನೆನೆದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಅಲ್ಲಲ್ಲಿ ಕೆಂಪಡರಿ, ಒಳಗೆ ಬರೀ ಗಾಳಿ ಮತ್ತು ಹಳದಿ ನೀರು. ಇನ್ನೊಂದನ್ನೂ ಅವನು ಕಂಡಿದ್ದ. ಹೀಗೆ ಸತ್ತ ಕರುಗಳ ಮೂತಿಯ ಮೇಲೆಲ್ಲ ಕೂದಲು ಸವೆದಿರುತ್ತಿತ್ತು. ಅದು ಕುಕ್ಕೆ ಕಟ್ಟಿದ ಗುರುತು.

ಕುಕ್ಕೆ ಎಂದರೆ ಕರು ಮೊಲೆಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ಹಗ್ಗದ ಬಲೆ. ಹಸು ಕರು ಹಾಕಿದ ಮೇಲೆ ಕಸ, ಅಂದರೆ ಮಾಸು, ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂಬುದು ದೊಡ್ಡ ಮನೆಗಳ ಕಟ್ಟು. ಕುಡಿಸಿದರೆ ಕಸ ಒಳಗೇ ನಿಂತು ಹಸು ಸಾಯುತ್ತದೆ ಎನ್ನುತ್ತಿದ್ದರು. ಗಿಣ್ಣು ಹಾಲು ಕರುವಿಗೆ ಅರಗುವುದಿಲ್ಲ ಎಂದೂ ಹೇಳುತ್ತಿದ್ದರು. ಹಾಗಾಗಿ ಆ ಮೊದಲ ಹಾಲನ್ನು ಕರೆದು, ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಬೇಯಿಸಿ ನೆಂಟರ ಮನೆಗಳಿಗೆಲ್ಲ ಹಂಚುತ್ತಿದ್ದರು. ಕರುವಿಗೆ ಮೊಲೆ ಸಿಗುತ್ತಿದ್ದುದು ಮಾರನೆಯ ದಿನ.

ಲಕ್ಕಯ್ಯನ ಕೇರಿಯಲ್ಲಿ ಕುಕ್ಕೆ ಕಟ್ಟಲು ಯಾರಿಗೂ ಪುರುಸೊತ್ತಿರಲಿಲ್ಲ. ಅವನ ಹೆಂಡತಿ ಹೊನ್ನಕ್ಕ ಪಾಲಿಗೆ ಸಾಕಿದ್ದ ಕಂದು ಹಸು ಹೊಲದ ಬದುವಿನ ಮೇಲೇ ಕರು ಹಾಕುತ್ತಿತ್ತು. ಅವಳು ಒಂದು ಸಾಲು ಕಳೆ ಕಿತ್ತು ತಿರುಗಿ ನೋಡುವಷ್ಟರಲ್ಲಿ ಕರು ಎದ್ದು, ತಡವರಿಸಿ, ಮೊಲೆ ಹುಡುಕಿಕೊಂಡು ಕುಡಿದಿರುತ್ತಿತ್ತು. ಕಸ ತನ್ನ ಪಾಡಿಗೆ ತಾನು ಬೀಳುತ್ತಿತ್ತು. ಆ ಹಸುವಿನ ಐದು ಕರುಗಳಲ್ಲಿ ಒಂದೂ ಸತ್ತಿರಲಿಲ್ಲ. ಲಕ್ಕಯ್ಯ ಇದನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿದ್ದ, ಹೆಂಡತಿಯ ಹತ್ತಿರ ಒಮ್ಮೆ ಬಾಯಿಬಿಟ್ಟೂ ಇದ್ದ. "ನೀ ಸುಮ್ಕಿರು," ಎಂದಿದ್ದಳು ಹೊನ್ನಕ್ಕ. "ಗಿಣ್ಣಿನ ಮಾತು ನಿನ್ ಬಾಯಲ್ಲಿ ಬಂದ್ರೆ, ಇವ್ನಿಗೂ ತಿನ್ನೋ ಆಸೆ ಅಂತಾರೆ."

ಕಾರ್ತಿಕದಲ್ಲಿ ನಾಲ್ಕನೇ ಕರು ಭೇದಿಗೆ ಬಿತ್ತು. ಅದರ ಹಿಂದಿನ ದಿನ ಲಕ್ಕಯ್ಯ ದೊಡ್ಡ ಮನೆಯ ಹಿತ್ತಲಿಗೆ ಹುಲ್ಲಿನ ಹೊರೆ ತಂದು ಹಾಕಿದ್ದ. ಅಷ್ಟೇ ಸಾಕಾಯಿತು. ಕೆಂಚೇಗೌಡ ಕೆಟ್ಟ ಮನುಷ್ಯನೇನಲ್ಲ, ಆದರೆ ವರ್ಷಕ್ಕೆ ನಾಲ್ಕು ಕರು ಹೋದರೆ ಯಾರ ಮೇಲಾದರೂ ಹಾಕದೆ ಅವನಿಗೆ ಸಮಾಧಾನವಿರಲಿಲ್ಲ. ಬೆಳಿಗ್ಗೆ ಚಾವಡಿಯ ಮುಂದೆ ಲಕ್ಕಯ್ಯನನ್ನು ಕರೆಸಿ ನಿಲ್ಲಿಸಿದ.

"ಏನ್ಲಾ ಲಕ್ಕ, ಹುಲ್ಲಿನ ಜೊತೆ ಇನ್ನೇನ್ ತಂದಿದ್ದೆ?"

"ಏನೂ ಇಲ್ಲ ಬುದ್ದಿ."

"ನಮ್ಮನೆ ಕರ ಸತ್ರೆ ಚಕ್ಕಳ ಯಾರಿಗೆ?"

ಲಕ್ಕಯ್ಯನಿಗೆ ಒಂದು ಗಳಿಗೆ ಮಾತು ತಿಳಿಯಲೇ ಇಲ್ಲ. ಚರ್ಮದಾಸೆಗೆ ವಿಷ ಹಾಕುತ್ತಾರೆಂಬ ಮಾತನ್ನು ಬೇರೆ ಊರುಗಳ ಕತೆಯಾಗಿ ಕೇಳಿದ್ದ. ಅಂಥ ಕತೆಗಳಲ್ಲಿ ಆಮೇಲೆ ಏನಾಗುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು.

"ಕರುಳೆಲ್ಲ ಕಂಡಿವ್ನಿ ಬುದ್ದಿ, ಇಸ ಅಲ್ಲ ಅದು," ಎಂದ.

"ನೀನೇನು ಡಾಕ್ಟ್ರಾ?" ಎಂದ ಕೆಂಚೇಗೌಡ. ಕೂತಿದ್ದವರು ನಕ್ಕರು. ವಿಷಯ ತೀರ್ಮಾನವಾಗುವ ತನಕ ಲಕ್ಕಯ್ಯನ ಮನೆಯವರು ಮೇಲಿನ ಬೀದಿಗೆ ಬರಕೂಡದು, ಯಾರೂ ಅವರನ್ನು ಕೂಲಿಗೆ ಕರೆಯಕೂಡದು ಎಂದಾಯಿತು. ಇನ್ನೊಂದು ಕರು ಸತ್ತರೆ ಪೊಲೀಸಿಗೆ ಬರೆಯುವುದಾಗಿಯೂ ಗೌಡ ಹೇಳಿದ.

ಮಾರನೆಯ ದಿನವೇ ಆ ಕರು ಸತ್ತಿತು. ಎತ್ತಲು ಮಾತ್ರ ಮತ್ತೆ ಅವನೇ ಬೇಕಾಯಿತು.

ಕೊಟ್ಟಿಗೆಯ ಬಾಗಿಲಲ್ಲಿ ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಲಕ್ಕಯ್ಯ ಕರುವನ್ನು ಗೋಣಿತಾಟಿನಲ್ಲಿ ಸುತ್ತಿ, ದೊಡ್ಡ ಮಂಕರಿಯೊಳಗಿಟ್ಟು ತಲೆಯ ಮೇಲೆ ಹೊತ್ತ. ಕೋಡಿಯ ದಾರಿ ಬಂದಾಗ ಅತ್ತ ತಿರುಗದೆ ನೇರ ನಡೆದ. ಹೊಳೆನರಸೀಪುರದಲ್ಲಿ ದನದ ಆಸ್ಪತ್ರೆ ಇದೆ, ಅಲ್ಲಿ ಹೊಸ ಡಾಕ್ಟರು ಬಂದಿದ್ದಾರೆ ಎಂದು ಹಳ್ಳಿಮೈಸೂರಿನಲ್ಲಿ ಯಾರೋ ಹೇಳಿದ್ದು ನೆನಪಿತ್ತು. ಈ ಹೊರೆಯನ್ನು ನೋಡಿದರೆ ಬಸ್ಸಿನವನು ಹತ್ತಿಸುವುದಿಲ್ಲ. ಏಳೆಂಟು ಮೈಲಿ ನಡೆದೇ ಹೋದ. ಎರಡು ಕಡೆ ನಿಂತು ಮಂಕರಿ ಇಳಿಸಿ ಕುತ್ತಿಗೆ ಉಜ್ಜಿಕೊಂಡ. ಎದುರಾದವರು ಏನದು ಎಂದು ಕೇಳಿದರೆ "ಕರ" ಎಂದಷ್ಟೇ ಹೇಳಿದ.

ಡಾಕ್ಟರ್ ಸಂಪತ್ಕುಮಾರ್‌ಗೆ ಆಗ ಇಪ್ಪತ್ತೇಳು ವರ್ಷ. ಪೂಜೆ ಪಾಠಗಳ ಮನೆತನದಿಂದ ಬಂದವರು. ಹೆಣ ಕೊಯ್ಯುವ ಓದು ಯಾಕೆಂದು ತಾಯಿ ಅತ್ತರೂ ಮದರಾಸಿಗೆ ಹೋಗಿ ದನದ ವೈದ್ಯ ಕಲಿತು, ಎರಡು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ್ದರು. ಆಸ್ಪತ್ರೆಗೆ ಕಾಲು ಕುಂಟುವ ಎತ್ತು, ಹೊಟ್ಟೆ ಉಬ್ಬರಿಸಿದ ಎಮ್ಮೆ ಬರುತ್ತಿದ್ದವು. ಸತ್ತದ್ದನ್ನು ಹೊತ್ತು ತಂದವನನ್ನು ಅವರು ನೋಡಿದ್ದು ಇದೇ ಮೊದಲು.

"ಸತ್ತ ಮೇಲೆ ನಾನೇನು ಮಾಡಲಪ್ಪ?"

"ಕುಯ್ದು ನೋಡಿ ಸಾ. ಇಸ ಐತಾ ಇಲ್ವಾ ಏಳ್ಬುಡಿ. ಐತೆ ಅಂದ್ರೆ ನಾನೇ ಪೊಲೀಸ್ ಟೇಸನ್ನಿಗೆ ಓಯ್ತೀನಿ."

ಡಾಕ್ಟರು ಅವನ ಮುಖವನ್ನು ಒಂದು ಸಲ ನೋಡಿ ಅಂಗಿಯ ತೋಳು ಮಡಿಸಿದರು. ಹಿಂದಿನ ಹೊಂಗೆಮರದ ಕೆಳಗೆ ಕರುವನ್ನು ಮಲಗಿಸಿದರು. ಕಾಂಪೌಂಡರು ದೂರ ನಿಂತ. ಲಕ್ಕಯ್ಯ ಹಿಂಗಾಲು ಹಿಡಿದುಕೊಂಡ. ಡಾಕ್ಟರ ಕತ್ತಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಅವನ ಕೈ ಮೊದಲೇ ಹೋಗಿ ಚರ್ಮ ಬಿಗಿಹಿಡಿಯುತ್ತಿತ್ತು. ಹೊಟ್ಟೆ, ಪಿತ್ತಕೋಶ, ಮೂತ್ರಪಿಂಡ ಒಂದೊಂದನ್ನೂ ತೆಗೆದು ನೋಡಿದ ಡಾಕ್ಟರು ಕೊನೆಗೆ ಕರುಳನ್ನು ಉದ್ದಕ್ಕೆ ಸೀಳಿ, ನೀರಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದರು. ಬೆಳಕು ಆಚೆ ಕಾಣಿಸಿತು.

"ವಿಷದ ಗುರುತು ಏನೂ ಇಲ್ಲ," ಎಂದರು.

ಲಕ್ಕಯ್ಯ ಅಲ್ಲೇ ನೆಲಕ್ಕೆ ಕುಕ್ಕರಿಸಿ ಕೂತ. ಡಾಕ್ಟರು ಕಾಂಪೌಂಡರಿಗೆ ಹೇಳಿ ನೀರು ತರಿಸಿ ಕೊಟ್ಟರು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದರು:

"ಇದು ಹುಟ್ಟಿ ಎಷ್ಟು ಹೊತ್ತಿಗೆ ಹಾಲು ಕುಡೀತು, ಗೊತ್ತಾ?"

ಆ ಪ್ರಶ್ನೆಯನ್ನು ಜನ್ಮದಲ್ಲಿ ಯಾರಾದರೂ ಕೇಳುತ್ತಾರೆಂದು ಲಕ್ಕಯ್ಯ ಎಣಿಸಿರಲಿಲ್ಲ. ಕುಕ್ಕೆಯ ವಿಷಯ ಹೇಳಿದ. ಕಸಕ್ಕೆ ಕಾಯುವುದನ್ನು ಹೇಳಿದ. ತನ್ನ ಕೇರಿಯ ಕರುಗಳು ಬದುಕುವುದನ್ನೂ, ಐದಾರು ವರ್ಷದಲ್ಲಿ ಯಾವ ಯಾವ ಮನೆಯಿಂದ ಎಂಥೆಂಥ ಕರು ಹೊತ್ತೆನೆಂಬುದನ್ನೂ ಬೆರಳು ಮಡಿಸುತ್ತಾ ಹೇಳಿದ. ಡಾಕ್ಟರು ಮಧ್ಯೆ ಬಾಯಿ ಹಾಕಲಿಲ್ಲ.

"ನಾನು ಪುಸ್ತಕದಲ್ಲಿ ಓದಿದ್ದನ್ನ ನೀನು ಕಣ್ಣಲ್ಲೇ ಓದಿದೀಯ," ಎಂದರು. ಆಮೇಲೆ ಸೀಳಿದ ಕರುಳನ್ನು ಮುಂದಿಟ್ಟುಕೊಂಡು ವಿವರಿಸಿದರು. "ಮನುಷ್ಯರ ಮಗುವಿಗೆ ರೋಗ ತಡೆಯೋ ಶಕ್ತಿ ಸ್ವಲ್ಪ ತಾಯಿ ಹೊಟ್ಟೆಯಲ್ಲೇ ಬಂದಿರುತ್ತೆ. ಕರುವಿಗೆ ಹಾಗಲ್ಲ, ಬರಿಗೈಲಿ ಹುಟ್ಟುತ್ತೆ. ಅದಕ್ಕೆ ಬೇಕಾದ್ದೆಲ್ಲ ಗಿಣ್ಣು ಹಾಲಲ್ಲಿ ಇರೋದು. ಹುಟ್ಟಿದ ಮೊದಮೊದಲ ಗಂಟೆಗಳಲ್ಲಿ ಈ ಕರುಳಿನ ಒಳಪದರ ಆ ಶಕ್ತೀನ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಡುತ್ತೆ. ಗಂಟೆ ಕಳೆದ ಹಾಗೆ ಬಿಗಿಯಾಗ್ತಾ ಹೋಗುತ್ತೆ. ಒಂದು ದಿನ ತುಂಬೋ ಹೊತ್ತಿಗೆ ಮುಚ್ಚಿಕೊಂಡಿರುತ್ತೆ. ಆಮೇಲೆ ಕೊಡಗಟ್ಟಲೆ ಕುಡಿಸಿದರೂ ಹೊಟ್ಟೆ ತುಂಬುತ್ತೆ ಅಷ್ಟೆ."

ಲಕ್ಕಯ್ಯ ಯೋಚಿಸಿದ. "ಒಸ ಮಡಕೆ ಅಂಗೆ ಸಾ. ಮೊದ್ಲು ಒಸರ್ತದೆ, ಆಮ್ಯಾಕೆ ನಿಂತೋಯ್ತದೆ."

"ಹಾಗೇ ಅಂತಿಟ್ಕೋ."

"ಅದ್ಯಾಕ್ ಸಾ ಮುಚ್ಕೋಬೇಕು? ತೆರ್ದೇ ಇದ್ರೆ ಒಳ್ಳೇದಲ್ವಾ?"

"ತೆರೆದೇ ಇದ್ದರೆ ಒಳ್ಳೇದರ ಜೊತೆ ಕೆಟ್ಟದ್ದೂ ನುಗ್ಗುತ್ತಲ್ಲ. ಸಗಣಿ ನೆಕ್ಕಿದರೆ ಅದರ ಕ್ರಿಮಿ ನೇರ ರಕ್ತಕ್ಕೇ ಹೋಗುತ್ತೆ. ಅದಕ್ಕೇ ಕರುಳು ಸಮಯ ನೋಡಿ ಬಿಗಿಯಾಗೋದು."

ಲಕ್ಕಯ್ಯ ತಲೆ ಎತ್ತಿದ. "ಆ ಕುಕ್ಕೆ ಹಳೇದು ಸಾ. ಯಾವ್ ಕಾಲದ ಸಗಣಿನೋ ಅದ್ರಾಗೆ ಒಣಗಿರ್ತದೆ. ಅಸ್ದಿರೋ ಕರ ದಿನ್ವೆಲ್ಲ ಅದನ್ನೇ ನೆಕ್ತಾ ಇರ್ತದೆ."

ಡಾಕ್ಟರು ಕತ್ತಿ ಕೆಳಗಿಟ್ಟರು. ಇದು ಅವರ ಪುಸ್ತಕದಲ್ಲಿ ಇರಲಿಲ್ಲ. ಹಾಲು ಸೇರಬೇಕಾದ ಹೊತ್ತಿನಲ್ಲಿ, ಆ ತೆರೆದ ಕರುಳಿಗೆ ಮೊದಲು ಸೇರುತ್ತಿದ್ದುದು ಕುಕ್ಕೆಯ ಕೊಳೆ. ಅಂದೇ ಒಂದು ಕಾಗದದ ಮೇಲೆ, ಕರು ವಿಷದಿಂದ ಸತ್ತಿಲ್ಲ ಎಂದು ಕನ್ನಡದಲ್ಲಿ ಬರೆದು, ರುಜು ಮಾಡಿ, ಮೊಹರು ಒತ್ತಿ ಲಕ್ಕಯ್ಯನ ಕೈಗೆ ಕೊಟ್ಟರು. "ಗುರುವಾರ ನಾನೇ ಬರ್ತೀನಿ. ಅಲ್ಲೀವರೆಗೆ ಇದನ್ನ ಜೋಪಾನವಾಗಿಟ್ಕೋ," ಎಂದರು.

ಗುರುವಾರ ಬೆಳಗಿನ ಬಸ್ಸಿಗೆ ಹಳ್ಳಿಮೈಸೂರಿಗೆ ಬಂದ ಡಾಕ್ಟರು ಒಂದು ಬಾಡಿಗೆ ಸೈಕಲ್ ಹತ್ತಿ ಗೌಜಲಕೊಪ್ಪಲು ಮುಟ್ಟಿದರು. ದೊಡ್ಡ ಮನೆಯ ಜಗಲಿಯಲ್ಲಿ ಕೂತು ಕೆಂಚೇಗೌಡನ ಎದುರಿಗೇ ಕಾಗದ ಓದಿಸಿದರು. ಡಾಕ್ಟರು ಕರೆಸಿದ್ದರಿಂದ ಲಕ್ಕಯ್ಯ ಅಂಗಳದ ಆಚೆ ಅಂಚಿನಲ್ಲಿ ನಿಂತಿದ್ದ. ವಿಷವಿಲ್ಲವೆಂಬುದನ್ನು ಗೌಡ ಒಪ್ಪಿದ. ಸರ್ಕಾರದ ಮೊಹರಿಗೆ ಎದುರಾಡುವುದು ಹೇಗೆ? ಆದರೆ ಕಸ ಬೀಳುವ ಮುಂಚೆ ಹಾಲು ಕುಡಿಸುವ ಮಾತಿಗೆ ಅಡ್ಡಡ್ಡ ತಲೆಯಾಡಿಸಿಬಿಟ್ಟ.

"ನೀವು ಓದಿದೋರು ಸ್ವಾಮಿ. ಆದ್ರೆ ಕಸ ನಿಂತು ಅಸು ಸತ್ರೆ ಸರ್ಕಾರ ತಂದ್ಕೊಟ್ಟದಾ?"

"ಕುಡಿದಷ್ಟೂ ಕಸ ಬೇಗ ಬೀಳುತ್ತೆ ಗೌಡರೆ. ಕರು ಮೊಲೆ ಎಳೆದರೆ ಗರ್ಭಕೋಶ ಬಿಗಿಯುತ್ತೆ."

ಬಾಗಿಲ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ಪುಟ್ಟತಾಯಮ್ಮ ಈಚೆ ಬಂದಳು. ಡಾಕ್ಟರ ಕಡೆ ನೋಡದೆ ಅಂಗಳದ ಅಂಚಿಗೆ ಕೇಳಿಸುವಂತೆ ಕೇಳಿದಳು:

"ಲಕ್ಕ, ಇದು ನಿಂಗೆ ಎಷ್ಟ್ ವರ್ಸದಿಂದ ಗೊತ್ತು?"

"ಐದಾರು ವರ್ಸಾತು ಕಣವ್ವ."

"ಮತ್ಯಾಕ್ಲಾ ಏಳ್ಲಿಲ್ಲ?"

ಲಕ್ಕಯ್ಯ ಕಾಲ ಹೆಬ್ಬೆರಳು ನೋಡಿಕೊಂಡ. "ಏಳಿದ್ರೆ ಕೇಳೋರ್ಯಾರವ್ವ? ಕೇಳಿ, ಒಂದ್ ಅಸು ಏನಾರ ಸತ್ತಿದ್ರೆ, ಇವ್ನೇ ಮಾಡ್ಸಿದ ಅಂತಿದ್ರಿ. ಏಳ್ದೇ ಇದ್ದುದ್ಕೂ ಅಂದ್ರಲ್ಲ."

ಪುಟ್ಟತಾಯಮ್ಮ ಒಳಗೆ ಹೋದಳು. ಡಾಕ್ಟರಿಗೆ ಒಂದು ಲೋಟ ಹಾಲು ಬಂತು, ಅವರು ಕುಡಿದು ಹೊರಟರು. ಲಕ್ಕಯ್ಯನ ಮೇಲಿದ್ದ ನಿರ್ಬಂಧ ಅವತ್ತಿಗೆ ಹೋಯಿತು. ಹೋಯಿತೆಂದು ಯಾರೂ ಸಾರಲಿಲ್ಲ. ಮಾರನೆಯ ದಿನ ಕಳೆಗೆ ಹೊನ್ನಕ್ಕನನ್ನು ಕರೆಯಲು ಜನ ಬಂದಾಗಲೇ ಲಕ್ಕಯ್ಯನ ಮನೆಯವರಿಗೆ ಗೊತ್ತಾಯಿತು.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ದೊಡ್ಡ ಮನೆಯ ಆಳು ಮಾರಮ್ಮ ಕೇರಿಗೆ ಓಡಿಬಂದಳು. "ಬಿಳಿ ಅಸು ನೋಯ್ತಾ ಐತೆ. ಅವ್ವಾರು ನಿನ್ನ ಕರ್ಕಂಬಾ ಅಂದ್ರು."

"ಕರ ಸತ್ತೋಯ್ತಾ?"

"ಹುಟ್ಟೇ ಇಲ್ಲ ಕಣೋ ಮಾರಾಯ."

ಲಕ್ಕಯ್ಯ ಹೋದಾಗ ಕೆಂಚೇಗೌಡ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ. "ಅತ್ತಿಗೆ, ಈಯಪ್ಪನ್ನ ಒಳಕ್ಕೆ ಬಿಡೋದಾ?" ಎಂದ. ಕೊಟ್ಟಿಗೆಯೊಳಗಿಂದ ಪುಟ್ಟತಾಯಮ್ಮನ ದನಿ ಬಂತು. "ಸತ್ತಾಗ ಒಳಕ್ಕೆ ಬರ್‌ಬೋದಂತೆ, ಹುಟ್ದಾಗ ಬರ್‌ಬಾರ್ದಾ? ದಾರಿ ಬುಡು ಕೆಂಚಪ್ಪ."

ಗೌಡ ದಾರಿ ಬಿಟ್ಟ.

ಕರು ಬಿದ್ದ ಕೂಡಲೇ ಲಕ್ಕಯ್ಯ ಒಣಹುಲ್ಲಿನಿಂದ ಅದರ ಮೂಗು ಬಾಯಿ ಒರೆಸಿದ. ಹೊಕ್ಕುಳಿಗೆ ಹಚ್ಚಲು ಡಾಕ್ಟರು ಬಿಟ್ಟುಹೋಗಿದ್ದ ಟಿಂಚರ್ ಹಚ್ಚಿದ. ಪುಟ್ಟತಾಯಮ್ಮ ಬಿಸಿನೀರಿನಲ್ಲಿ ಹಸುವಿನ ಕೆಚ್ಚಲು ತೊಳೆದಳು. ಕರು ಎರಡು ಸಲ ಎದ್ದು ಎರಡು ಸಲವೂ ಮುಗ್ಗರಿಸಿತು. ಮೂರನೇ ಸಲ ಅವನು ಅದರ ಎದೆಯ ಕೆಳಗೆ ಕೈ ಕೊಟ್ಟು ನಿಲ್ಲಿಸಿ, ಮೊಲೆಯ ತೊಟ್ಟನ್ನು ಬಾಯಿಗಿಟ್ಟ. ಮೊದಲು ಅದಕ್ಕೆ ಗೊತ್ತಾಗಲಿಲ್ಲ. ಆಮೇಲೆ ಚಪ್ಪರಿಸುವ ಸದ್ದು ಶುರುವಾಯಿತು. ಹಳದಿ ಹಾಲು ಅದರ ಕಟವಾಯಿಯಲ್ಲಿ ನೊರೆಯಾಗಿ ಇಳಿಯಿತು. ಪುಟ್ಟತಾಯಮ್ಮ ಆ ಹಾಲನ್ನು ಬೆರಳಿನಿಂದ ಒರೆಸಿ ಮತ್ತೆ ಅದರ ಬಾಯಿಗೇ ಸವರಿದಳು.

ಇನ್ನು ಕಸದ ಚಿಂತೆ. ಆಕೆ ಬಾಯಲ್ಲಿ ಹೇಳಲಿಲ್ಲ, ಆದರೆ ಹಸುವಿನ ಹಿಂದಿನಿಂದ ಕಣ್ಣು ಕೀಳಲಿಲ್ಲ. ಲಕ್ಕಯ್ಯನೂ ಅತ್ತಲೇ ನೋಡುತ್ತಿದ್ದ. ಡಾಕ್ಟರು ಹೇಳಿದ್ದು ಸುಳ್ಳಾದರೆ ಊರಿನಲ್ಲಿ ಉಳಿಯುವವನು ಡಾಕ್ಟರಲ್ಲ, ತಾನು. ಬಿಸಿಲು ಹಿತ್ತಲ ಗೋಡೆ ದಾಟುವ ಹೊತ್ತಿಗೆ ಕಸ ಪೂರ್ತಿ ಬಿತ್ತು. ಇಷ್ಟು ಬೇಗ ಆ ಕೊಟ್ಟಿಗೆಯಲ್ಲಿ ಎಂದೂ ಬಿದ್ದಿರಲಿಲ್ಲ. ಹೊರಗೆ ಕೂತಿದ್ದ ಕೆಂಚೇಗೌಡನಿಗೆ ಪುಟ್ಟತಾಯಮ್ಮ "ಬಿತ್ತು" ಎಂದು ಒಂದೇ ಮಾತಿನಲ್ಲಿ ತಿಳಿಸಿದಳು.

ಕರು ಹುಟ್ಟಿದ ಮೂರನೇ ದಿನ, ಭೇದಿಯ ಭಯಕ್ಕೆ, ಲಕ್ಕಯ್ಯ ಅನ್ನ ಬಿಟ್ಟ. ನಾಲ್ಕನೇ ದಿನ ಕೂಲಿಗೂ ಹೋಗಲಿಲ್ಲ. ಐದನೇ ದಿನ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಾ ಕೂತಿದ್ದಾಗ ಮಾರಮ್ಮ ಕೇರಿಯ ಕಡೆ ಬರುವುದು ಕಂಡಿತು. ಅವನ ಕೈಯಿಂದ ಹಗ್ಗ ಜಾರಿತು. ಹೊನ್ನಕ್ಕ ಒಳಗಿನಿಂದ ಬಂದು ಅವನ ಪಕ್ಕ ನಿಂತಳು.

"ಆ ಕರ ಕಣ್ಣಿ ಬಿಚ್ಕಂಡು ಅವ್ವಾರ್ ಸೀರೆ ಅಗ್ದಾಕ್‌ಬುಟ್ಟೈತೆ," ಎಂದಳು ಮಾರಮ್ಮ ಏದುಸಿರು ಬಿಡುತ್ತಾ. "ಇಡಿಯಾಕೆ ಓದ್ರೆ ಹಿತ್ಲೆಲ್ಲ ಓಡಾಡಿಸ್ತದೆ. ನೀನೇ ಬಂದು ಇಡ್ದು ಕಟ್ಬೇಕಂತೆ."

ಹೊನ್ನಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಲಕ್ಕಯ್ಯನಿಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. "ಮೊದ್ಲು ಎರಡು ಮುದ್ದೆ ಆಕು," ಎಂದ ಹೆಂಡತಿಗೆ. "ಉಂಡು ಓಯ್ತೀನಿ."

ಆ ಹಂಗಾಮಿನಲ್ಲಿ ದೊಡ್ಡ ಮನೆಯಲ್ಲಿ ಇನ್ನೂ ಎರಡು ಕರು ಹುಟ್ಟಿದವು, ಎರಡೂ ಉಳಿದವು. ಕುಕ್ಕೆಯನ್ನು ಪುಟ್ಟತಾಯಮ್ಮ ತಾನೇ ಒಲೆಗೆ ಹಾಕಿದಳು. ಮಾಘದ ಕೊನೆಯಲ್ಲಿ ಕೆಂಚೇಗೌಡ ಕೇರಿಯ ತುದಿಯ ತನಕ ಬಂದು ನಿಂತು, ತನ್ನ ಮಗಳ ಊರಿನಲ್ಲಿ ಎಮ್ಮೆ ಕರು ಹಾಕುವುದಿದೆ, ಬಂದು ನೋಡುತ್ತೀಯಾ ಎಂದು ಕೇಳಿದ. ಚಾವಡಿಯ ವಿಷಯ ಅವನು ಎತ್ತಲಿಲ್ಲ. ಲಕ್ಕಯ್ಯ ಬತ್ತೀನಿ ಎಂದ.

ಅರವತ್ತೆರಡರಲ್ಲಿ ಹಳ್ಳಿಮೈಸೂರಿನಲ್ಲಿ ದನದ ಚಿಕಿತ್ಸಾಲಯ ತೆರೆದಾಗ ಡಾಕ್ಟರು ಅವನನ್ನು ಅಟೆಂಡರ್ ಕೆಲಸಕ್ಕೆ ಹಾಕಿಸಿದರು. ಖಾಕಿ ಅಂಗಿ, ಒಂದು ಸೈಕಲ್ಲು. ಸತ್ತ ದನ ಎತ್ತುವುದನ್ನು ಅವನ ಮನೆಯವರು ಬಿಟ್ಟರು. ಊರಿನವರು ಗೊಣಗಿದರು, ಆಮೇಲೆ ತಾವೇ ಹೂಳುವುದನ್ನು ಕಲಿತರು. ಕರು ಹಾಕಿದ ಸುದ್ದಿ ಕೇಳಿದರೆ ಲಕ್ಕಯ್ಯ ಸೈಕಲ್ ಹತ್ತಿ ಹೋಗಿ, ಇಳಿಯುವ ಮುಂಚೆಯೇ "ಕುಡೀತಾ?" ಎಂದು ಕೇಳುತ್ತಿದ್ದ.

ಅರವತ್ತಾರರಲ್ಲಿ ಶಾಂತಿಗ್ರಾಮದಲ್ಲಿ ಹಾಲು ಹಾಕುವ ರೈತರಿಗೆ ಒಂದು ದಿನದ ಶಿಬಿರ ನಡೆಯಿತು. ಸಂಪತ್ಕುಮಾರ್ ಆಗ ಚನ್ನರಾಯಪಟ್ಟಣಕ್ಕೆ ವರ್ಗವಾಗಿದ್ದರು. ತಮ್ಮ ಮಾತು ಮುಗಿಸಿ, "ಉಳಿದದ್ದನ್ನು ಲಕ್ಕಯ್ಯನವರು ಹೇಳುತ್ತಾರೆ," ಎಂದು ಕುಳಿತುಬಿಟ್ಟರು. ಹೆಸರಿಗೆ 'ನವರು' ಸೇರಿದ್ದು ಕೇಳಿ ಅವನು ಯಾರೋ ಬೇರೆಯವರೆಂದು ಹಿಂದೆ ತಿರುಗಿ ನೋಡಿದ. ಆಮೇಲೆ ಎದ್ದುನಿಂತ. ನಲವತ್ತು ಜನ ಕೂತಿದ್ದರು.

"ಕರ ಬಿದ್ ತಕ್ಷಣ ಮೊಲೆ ಕೊಡಿ. ಕಸಕ್ಕೆ ಕಾಯ್ಬೇಡಿ. ಒಂದ್ ದಿನ ತಡ್ದ್ರೆ ಕರುಳು ಮುಚ್ಕತದೆ. ಕರ ಒಟ್ಟೆ ತುಂಬ ಕುಡ್ದು ಮಿಕ್ಕಿದ್ರೆ ನೀವು ಗಿಣ್ಣು ಮಾಡ್ಕಳಿ."

"ಇದೆಲ್ಲ ನಿಮಗೆ ಹೇಗೆ ಗೊತ್ತಾತು?" ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ.

"ಸತ್ತವನ್ನೆಲ್ಲ ನಾನೇ ಎಗಲ್ ಮ್ಯಾಲೆ ಒತ್ತಿದ್ದೆ," ಎಂದು ಲಕ್ಕಯ್ಯ ಹೇಳಿ ಕುಳಿತ.

ಊಟಕ್ಕೆ ಎಲೆ ಹಾಕಿದಾಗ ಡಾಕ್ಟರು ತಮ್ಮ ಪಕ್ಕದ ಎಲೆಗೆ ಅವನನ್ನು ಕೂರಿಸಿಕೊಂಡರು. ಎದುರು ಸಾಲಿನಲ್ಲಿ ಒಬ್ಬಿಬ್ಬರು ಮುಖ ತಿರುಗಿಸಿದರು, ಉಳಿದವರು ಎಮ್ಮೆಕರುವಿಗೂ ಹೀಗೇನಾ, ಕಡಸು ಹಾಕಿದ ಮೊದಲ ಕರುವಿಗೂ ಹೀಗೇನಾ ಎಂದು ಅವನನ್ನೇ ಕೇಳುತ್ತಾ ಉಂಡರು. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಾಸನ ದಾಟಿ ಹೊಳೆನರಸೀಪುರದ ದಾರಿ ಹಿಡಿಯುವಷ್ಟರಲ್ಲಿ ಲಕ್ಕಯ್ಯ ಖಾಕಿ ಅಂಗಿಯ ಗುಂಡಿ ಸಡಿಲಿಸಿ, ಸೀಟಿಗೆ ತಲೆ ಒರಗಿಸಿ ನಿದ್ದೆಹೋದ. ಹಳ್ಳಿಮೈಸೂರು ಬಂದಾಗ ಕಂಡಕ್ಟರೇ ಭುಜ ತಟ್ಟಿ ಎಬ್ಬಿಸಿದ.